ಮಂಚಮ್ಮ ಕಾಯಿಸಿದ ನೀರು

ನನ್ನ ಗೂಡ್ಸ್ ಗಾಡಿ ಹೊರದೆ ಬಿಟ್ಟ ವಸ್ತು ಈ ನಂಜನಗೂಡು ತಾಲ್ಲೂಕಿನಲ್ಲಿಲ್ಲ. ಕೋಣ ಹೊತ್ತಿದೆ, ಊದುತ್ತಿರುವ ಬ್ಯಾಂಡ್‌ಸೆಟ್ಟು ಹೊತ್ತಿದೆ. ಒಂದು ಸಲ ಒಂದು ಇಡೀ ಹೋಟೆಲನ್ನು ಉರಿಯುವ ಒಲೆ ಸಮೇತ ಹೇರಿಕೊಂಡು ಚಿಕ್ಕಯ್ಯನಛತ್ರಕ್ಕೆ ಹೊರಟೆ. ಊರು ಮುಟ್ಟುವಷ್ಟರಲ್ಲಿ ಹಿಂದುಗಡೆ ಇಡ್ಲಿ ಬೆಂದಿತ್ತು, ನಾಲ್ಕು ಜನ ಗಿರಾಕಿಗಳೂ ಕೂತಿದ್ದರು. ನಂಬದವರು ತಿಂದವರನ್ನೇ ಕೇಳಬಹುದು. ಆದರೆ ಹೋದ ಕಾರ್ತಿಕದಲ್ಲಿ ತಾಂಡವಪುರದಿಂದ ಟಿ. ನರಸೀಪುರಕ್ಕೆ ಹೊಡೆದ ಬಾಡಿಗೆಯ ವಿಷಯ ಬೇರೆ. ಅದಕ್ಕೆ ನಾನು ಉಪ್ಪುಖಾರ ಹಾಕುವುದಿಲ್ಲ. ಹಾಕುವ ಧೈರ್ಯ ಇಲ್ಲ.

ದಸರಾ ಮುಗಿದಿತ್ತು. ನಂಜನಗೂಡು ರೈಲ್ವೆ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದೆ. ಇಬ್ಬರು ಇಳಿದರು. ಗಂಡಸಿಗೆ ಐವತ್ತು ದಾಟಿರಬಹುದು, ತಲೆಗೆ ಬಣ್ಣದ ಪಟ್ಟಿಯ ಗುಂಡು ಟೋಪಿ. ಎರಡು ತಗಡಿನ ಪೆಟ್ಟಿಗೆ, ನನ್ನಷ್ಟು ಎತ್ತರದ ಒಂದು ರಜಾಯಿಯ ಸುರುಳಿ. ಹೆಂಗಸು ಆ ಸುರುಳಿಗೆ ಒರಗಿ ಕೂತು ಉಸಿರೆಳೆಯುತ್ತಿದ್ದಳು. ವಾಷರ್ ಹರಿದ ಸೈಕಲ್ ಪಂಪಿನ ಸದ್ದು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದುತ್ತಿದ್ದಳು.

ಗಂಡಸಿನ ಹೆಸರು ದಿಲೇರಾಮ್. ಹೆಂಗಸು ಖಿಮೀದೇವಿ. ಹಿಮಾಚಲದ ಕಡೆಯವರು, ಕುಲ್ಲು ಅಂತ ಊರಂತೆ. ಲಾರಿ ಓಡಿಸುವಾಗ ಕಲಿತ ನನ್ನ ಹರುಕು ಹಿಂದಿಗೂ ಅವನು ಆಗಲೇ ಯಾರಿಂದಲೋ ಕಲಿತಿದ್ದ ಮುರುಕು ಕನ್ನಡಕ್ಕೂ ಚೆನ್ನಾಗಿ ಹೊಂದಿಕೊಂಡಿತು. ಹೆಂಡತಿಗೆ ದಮ್ಮು. ಇನ್ನೊಂದು ಚಳಿಗಾಲ ಆ ಹಿಮದಲ್ಲಿ ಕಳೆದರೆ ಉಳಿಯುವುದಿಲ್ಲ, ಬೆಚ್ಚಗಿರುವ ಊರಿಗೆ ಕರೆದುಕೊಂಡು ಹೋಗು ಎಂದು ಅಲ್ಲಿನ ಡಾಕ್ಟರು ಕೈಚೆಲ್ಲಿದ್ದರು. ಅವನ ಸಂಬಂಧಿಯೊಬ್ಬ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದ. ಇಲ್ಲಿ ಬಾಡಿಗೆ ಅಗ್ಗ, ತರಕಾರಿ ಅಗ್ಗ, ವರ್ಷವಿಡೀ ಬಿಸಿಲು, ಬಂದುಬಿಡು ಎಂದಿದ್ದ. ಹಸು ಮಾರಿ, ಮನೆಗೆ ಬೀಗ ಹಾಕಿ ಬಂದುಬಿಟ್ಟಿದ್ದರು.

"ಇವಳು ಆರಾಮಾಗಿ ಉಸಿರು ಆಡಬೇಕು ಭಾಯ್," ಎಂದ ದಿಲೇರಾಮ್. "ಬೇರೆ ಏನೂ ಬೇಡ."

ತಾಂಡ್ಯಕ್ಕೆ ಹತ್ತಿರ ಎಂದು ತಾಂಡವಪುರದಲ್ಲಿ ಮನೆ ಹುಡುಕಿದೆವು. ಮಾದಪ್ಪಣ್ಣನ ಹೆಂಚಿನ ಮನೆ ಖಾಲಿ ಇತ್ತು. ಅವನು ಹೇಳಿದ ಬಾಡಿಗೆ ಕೇಳಿ ನನಗೇ ಅನುಮಾನ ಬಂತು. ಅಷ್ಟಕ್ಕೆ ನಂಜನಗೂಡಿನಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಹೋಗಿ ನೋಡಿದರೆ ಮುಂಬಾಗಿಲಿಗೆ ಅಡ್ಡಲಾಗಿ ಕಾರೆಮುಳ್ಳಿನ ಕೊಂಬೆ ಕಟ್ಟಿದೆ.

"ಇದೇನ್ ಮಾದಪ್ಪಣ್ಣ, ಬಾಗ್ಲಿಗ್ ಮುಳ್ ಬಡ್ದಿದ್ದೀಯೆ?"

"ಮೆಲ್ಲುಗ್ ಮಾತಾಡ್ಲಾ. ಅವ್ವ ಓದುದ್ದು ಕೆಟ್ ನಕ್ಷತ್ರದಲ್ಲಿ ಕಣ್ಲಾ. ಮೂರ್ ತಿಂಗ್ಳು ಮನೆ ಬುಡ್ಬೇಕು ಅಂದವ್ರೆ ಜೋಯಿಸ್ರು. ನಾವು ಕೊಟ್ಗೇಲಿವಿ."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮನೆ ಖಾಲಿ ಮಾಡಿ ಬಾಗಿಲಿಗೆ ಮುಳ್ಳು ಹಾಕುತ್ತಾರೆ. ಹೋದವರು ಆ ತಿಂಗಳುಗಳು ಮನೆಯೊಳಗೇ ಇರುತ್ತಾರೆ. ಆಗ ಮನೆಯವರು ಯಾರಾದರೂ ಕಣ್ಣಿಗೆ ಬಿದ್ದರೆ ಕೈ ಹಿಡಿದು ತಮ್ಮ ಜೊತೆ ಕರೆದುಕೊಂಡು ಹೋಗುತ್ತಾರೆ. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ, ಎಡೆ ಇಟ್ಟು, ಮುಳ್ಳು ತೆಗೆದು ಒಳಗೆ ಹೋಗಬೇಕು.

"ಮತ್ತೆ ಬಾಡ್ಗೆಗ್ ಕೊಡ್ತಾ ಇದ್ದೀಯಲ್ಲಣ್ಣ?"

"ಜೋಯಿಸ್ರು ಏನಂದ್ರು? ಮನೆಯೋರು ಇರ್ಬಾರ್ದು ಅಂದ್ರು. ಇವ್ರೇನ್ ನಮ್ ಮನೆಯೋರಾ? ಅವ್ವಂಗೆ ಇವ್ರ್ ಮಕ ಗೊತ್ತಿಲ್ಲ, ಬಾಸೆ ಗೊತ್ತಿಲ್ಲ. ಕರ್ಕಂಡ್ ಓಗ್ಬೇಕು ಅಂದ್ರೂ ಕರ್ಯಾಕೆ ಎಸ್ರಾದ್ರೂ ಬ್ಯಾಡ್ವ? ಕದ ಆಕ್ದ್ ಮನೇಲಿ ಎಗ್ಗಣ ತುಂಬ್ಕತವೆ. ಇವ್ರು ಇತ್ಲ ಬಾಗ್ಲಲ್ಲಿ ಓಡಾಡ್ಕಂಡ್ ಇರ್ಲಿ ಬುಡು."

ನಾನು ದಿಲೇರಾಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮುಳ್ಳನ್ನೇ ನೋಡುತ್ತಿದ್ದ.

"ಇಲ್ಲಿ ಕರಡಿ ಬರುತ್ತಾ?" ಎಂದ. ಅವರ ಕಡೆ ಬಾಗಿಲಿಗೆ ಮುಳ್ಳು ಹಾಕುವುದು ಕರಡಿಗಂತೆ.

"ಕರಡಿ ಅಲ್ಲಪ್ಪ, ಮುದುಕಿ ಸತ್ತೋಗವ್ರೆ. ಒಳಗವ್ರೆ."

"ಯಾರೂ ಸಾಯದ ಮನೆ ಅಂದರೆ ಇನ್ನೂ ಕಟ್ಟದ ಮನೆ, ಭಾಯ್."

ಅಷ್ಟರಲ್ಲಿ ಖಿಮೀದೇವಿ ಹಿತ್ತಿಲಿಂದ ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. "ಗರಮ್," ಎಂದಳು. ಬೆಚ್ಚಗಿದೆ. ಆ ಒಂದು ಮಾತಿಗೆ ಅವಳು ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ಆದರೂ ನಗುತ್ತಿದ್ದಳು. ಮನೆ ಅಲ್ಲಿಗೆ ಗೊತ್ತಾಯಿತು.

ಕೆಲವು ದಿನ ಕಳೆದು, ತಾಂಡವಪುರ ಗೇಟಿನ ಟೀ ಅಂಗಡಿಯಲ್ಲಿ ದಿಲೇರಾಮ್ ಸಿಕ್ಕಿದ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದ, ಮುಖ ಅರಳಿತ್ತು.

"ನಂಜೇಶ್ ಭಾಯ್, ನಿಮ್ಮ ದೇಶ ಬಹಳ ಒಳ್ಳೇದು. ನೀರು ತಾನೇ ಬಿಸಿ ಆಗುತ್ತೆ!"

"ಯಾವ್ ನೀರಪ್ಪ?"

"ಸ್ನಾನದ ಮನೆ ಹಂಡೆ. ನಾನು ಬೆಂಕಿ ಹಾಕಲ್ಲ, ಇವಳು ಬೆಂಕಿ ಹಾಕಲ್ಲ. ಬೆಳಿಗ್ಗೆ ನೋಡಿದರೆ ಹೊಗೆ ಆಡ್ತಾ ಇರುತ್ತೆ."

ಅವನಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಅವರ ಬೆಟ್ಟದಲ್ಲಿ ಒಂದು ಕಡೆ ನೆಲದೊಳಗಿಂದಲೇ ಕುದಿಯುವ ನೀರು ಚಿಮ್ಮುತ್ತದಂತೆ. ಜನ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಮುಳುಗಿಸಿ ಅನ್ನ ಮಾಡಿಕೊಳ್ಳುತ್ತಾರಂತೆ. ಹಿಮ ಬೀಳುವ ಊರಿನಲ್ಲೇ ಹಾಗಾದರೆ ಇಷ್ಟು ಬಿಸಿಲಿನ ಊರಿನಲ್ಲಿ ಹಂಡೆ ತಾನಾಗಿ ಕಾಯುವುದು ಅವನ ಲೆಕ್ಕಕ್ಕೆ ಸಹಜವೇ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನನ್ನು ಮೀರಿಸುವ ಬುರುಡೆಗಾರ ಉತ್ತರದಿಂದ ಬಂದ ಎಂದು ನನ್ನ ಬೆನ್ನು ತಟ್ಟಿದರು. ನಾನೂ ಜೋರಾಗಿಯೇ ನಕ್ಕೆ.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ಮಾದಪ್ಪಣ್ಣನ ಹೆಂಡತಿ ನಾಗರತ್ನಕ್ಕ ಮಾತ್ರ ಕ್ಯಾನು ಕೆಳಗಿಟ್ಟು ನಿಂತಳು. ನಗಲಿಲ್ಲ.

"ನಂಜೇಶ, ಬಾ ಇಲ್ಲಿ. ನನ್ ಜೊತೆ ಬಂದ್ ಒಸಿ ನೋಡ್ ಯೋಳು."

ಮನೆಯವಳಾದ್ದರಿಂದ ಅವಳು ಒಳಗೆ ಕಾಲಿಡುವಂತಿರಲಿಲ್ಲ. ಹಿತ್ತಿಲಿನ ಕರಿಬೇವಿನ ಗಿಡದ ಹತ್ತಿರ ನಿಂತು, ನನ್ನನ್ನು ಬಚ್ಚಲ ಮನೆಗೆ ಕಳಿಸಿದಳು.

"ಒಲೆ ಬೂದಿ ಯಾವ್ ಕಡೀಕ್ ತಳ್ಳದೆ?"

"ಎಡಕ್ಕೆ ಕಣಕ್ಕ."

"ಕರಟ ಎಂಗ್ ಆಕದೆ? ಅಂಗಾತ್ವೋ ಬೋರಲೋ?"

"ಬೋರಲು."

"ಅಂಡೆ ಕುತ್ಗೆಗೆ ಈಬೂತಿ ಅದಾ?"

ಇತ್ತು. ಮೂರು ಬೆರಳಿನ ಗುರುತು, ಎಡಗೈಯಿಂದ ಎಳೆದದ್ದು. ಇನ್ನೂ ಹಸಿಯಾಗಿತ್ತು. ಖಿಮೀದೇವಿ ನನ್ನ ಹಿಂದೆಯೇ ಬಂದು ನಿಂತಿದ್ದಳು. ನೀನು ಹಚ್ಚಿದೆಯಾ ಎಂದು ಸನ್ನೆ ಮಾಡಿ ಕೇಳಿದೆ. ಇಲ್ಲ ಎಂದು ತಲೆಯಾಡಿಸಿ, ನೀವು ಹಚ್ಚಿದಿರಾ ಎಂದು ನನ್ನನ್ನೇ ತೋರಿಸಿದಳು.

ಹೊರಗೆ ಬಂದು ಹೇಳಿದಾಗ ನಾಗರತ್ನಕ್ಕನ ಮುಖ ಬಿಳಿಚಿಕೊಂಡಿತು. ಆದರೆ ಮಾತು ಬಂದದ್ದು ಭಯದಿಂದಲ್ಲ, ಹೊಟ್ಟೆಯುರಿಯಿಂದ.

"ನಮ್ಮತ್ತೆ ಎಡ್ಗೈಯೋರು ಕಣಪ್ಪ. ಅಂಡೆ ಯಾರ್ಗೂ ಮುಟ್ಟಾಕ್ ಬುಡ್ತಿರ್ಲಿಲ್ಲ. ಅವ್ರು ಉಯ್ಕಂಡು, ಮಗುಂಗ್ ಉಯ್ದು, ನನ್ ಸರ್ದಿ ಬರೋ ಒತ್ಗೆ ತಣ್ಣೀರು. ಮದ್ವೆ ಆದಾಗ್ನಿಂದ ನಂಗೊಂದ್ ಚೊಂಬ್ ಬಿಸ್ನೀರ್ ಕೊಟ್ಟೋರಲ್ಲ. ಈಗ ಈ ಯಮ್ಮುಂಗೆ ಅಂಡೆ ಅಂಡೆ ಕಾಯುಸ್ತಾವ್ರೆ ನೋಡು!"

ಖಿಮೀದೇವಿ ದಿನದಿನಕ್ಕೆ ಚೇತರಿಸಿಕೊಂಡಳು. ಬೆಳಗ್ಗೆ ಆ ಬಚ್ಚಲಿನ ಹಬೆಯಲ್ಲಿ ಕೂತು ಹೊರಗೆ ಬಂದರೆ ಮಧ್ಯಾಹ್ನದವರೆಗೆ ಎದೆ ಹಗುರ. ಗೇಟಿನವರೆಗೆ ನಡೆದು ಬಂದು ಸೊಪ್ಪು ಕೊಳ್ಳುತ್ತಿದ್ದಳು. ದಿಲೇರಾಮ್ ಅವಳ ಹಿಂದೆ ನಡೆಯುತ್ತ, ಅವಳ ಉಸಿರಿನ ಸದ್ದಿಗೆ ಕಿವಿಗೊಟ್ಟು, ಆ ಸದ್ದು ಕಡಿಮೆಯಾದಷ್ಟೂ ಹಿಗ್ಗುತ್ತಿದ್ದ. ಮಾದಪ್ಪಣ್ಣ ಇದೆಲ್ಲ ಕೇಳಿಯೂ, "ಅವ್ವ ಬೇಜಾರಿಗೆ ಬೆಂಕಿ ಆಕ್ಕಂಡ್ ಕೂತವ್ಳೆ, ಕೂರ್ಲಿ" ಎಂದು ಸುಮ್ಮನಾದ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ನಮ್ಮಲ್ಲಿ ಹಂಡೆ ಬೆಳಗಿ, ಹೂ ಸುತ್ತಿ, ನೀರು ತುಂಬಿಡುತ್ತೇವೆ. ಮಾರನೆಯ ಬೆಳಗ್ಗೆ ಮನೆಯ ಹಿರಿಯ ಹೆಂಗಸು ಒಬ್ಬೊಬ್ಬರಿಗೂ ಎಣ್ಣೆ ಒತ್ತಿ ನೀರು ಹಾಕುತ್ತಾಳೆ. ಖಿಮೀದೇವಿಗೆ ಈ ಹಬ್ಬ ಗೊತ್ತಿಲ್ಲ. ಅವರ ದೀಪಾವಳಿಯಲ್ಲಿ ಹಂಡೆಗೆ ಕೆಲಸವಿಲ್ಲ.

ನಾನು ಆ ಬೆಳಗ್ಗೆ ಕೊಟ್ಟಿಗೆಯ ಹತ್ತಿರ ಮಾದಪ್ಪಣ್ಣನ ಹುರುಳಿ ಮೂಟೆ ಹೇರುತ್ತಿದ್ದೆ. ಖಿಮೀದೇವಿ ಗಂಡನ ಜೊತೆ ಬಂದಳು. ತಲೆಗೂದಲು ಒದ್ದೆ, ಕೈಯಲ್ಲಿ ಒಂದು ಬಟ್ಟಲು ಅಕ್ರೋಟ್. ನೇರ ನಾಗರತ್ನಕ್ಕನ ಹತ್ತಿರ ಹೋಗಿ ಕಾಲು ಮುಟ್ಟಿದಳು.

"ಯಾಕವ್ವ, ಏನಾಯ್ತು?"

ದಿಲೇರಾಮ್ ಹೇಳಿದ: "ಬೆಳಿಗ್ಗೆ ನೀವು ಬಂದು ಎಣ್ಣೆ ಹಚ್ಚಿದಿರಲ್ಲ ಬೆಹನ್‌ಜೀ. ಮಣೆ ಮೇಲೆ ಕೂರಿಸಿ, ತಲೆಗೆ ತಟ್ಟಿ ತಟ್ಟಿ. ಬೆನ್ನು ಉಜ್ಜಿ ನೀರು ಹಾಕಿದಿರಿ. ಹಬೆಯಲ್ಲಿ ಮುಖ ಕಾಣಲಿಲ್ಲ ಅಂತಾಳೆ. ನಿಮ್ಮ ಕೈ ಬಹಳ ಒರಟು ಅಂತ ನಗ್ತಾಳೆ. ಅವಳ ಅಮ್ಮ ಸತ್ತ ಮೇಲೆ ಯಾರೂ ಹೀಗೆ ಮಾಡಿರಲಿಲ್ಲ."

ನಾಗರತ್ನಕ್ಕ ಖಿಮೀದೇವಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೂಸಿದಳು. ನನಗೂ ವಾಸನೆ ಬಂತು. ಹರಳೆಣ್ಣೆ. ಆ ಬೆಟ್ಟದವರು ಜನ್ಮದಲ್ಲಿ ಹರಳೆಣ್ಣೆ ಮುಟ್ಟಿದವರಲ್ಲ.

"ರೀ," ಎಂದು ಗಂಡನನ್ನು ಕೂಗಿದಳು. "ಅಬ್ಬದ್ ದಿನ ಎಣ್ಣೆ ಒತ್ತಿ ನೀರ್ ಉಯ್ಯಾದು ಯಾರ್ಗೆ?"

"ಮನೆಯೋರ್ಗೆ," ಎಂದ ಮಾದಪ್ಪಣ್ಣ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ತಿಳಿಯಿತು. 

"ನಿಮ್ಮವ್ವ ಇವಳ್ನ ಮನೆಯೋಳ್ ಮಾಡ್ಕಂಡ್‌ಬುಟ್ರು. ಇವತ್ತೇ ಬುಡ್ಸಿ ಮನೆಯ."

ಖಿಮೀದೇವಿ ಏನೂ ಅರ್ಥವಾಗದೆ ಎಲ್ಲರಿಗೂ ಅಕ್ರೋಟ್ ಹಂಚುತ್ತಿದ್ದಳು. ಅವಳ ಉಸಿರಿನಲ್ಲಿ ಆ ದಿನ ಒಂದು ಚೂರೂ ಸದ್ದಿರಲಿಲ್ಲ.

ಬಚ್ಚಲಿನಲ್ಲಿ ಎಣ್ಣೆ ಒತ್ತಿದವರು ಯಾರು ಎಂದು ದಿಲೇರಾಮನಿಗೆ ನಾನೇ ಬಿಡಿಸಿ ಹೇಳಿದೆ. ಮನೆ ಬಿಡುವುದು ಅವನಿಗೆ ಕಷ್ಟವೇನಾಗಿರಲಿಲ್ಲ. ಟಿ. ನರಸೀಪುರದ ಒಂದು ಅಕ್ಕಿ ಗಿರಣಿಗೆ ಕಾವಲುಗಾರ ಬೇಕಿತ್ತು, ಇರಲು ಒಂದು ಸಣ್ಣ ಮನೆಯನ್ನೂ ಕೊಡುತ್ತಿದ್ದರು. ಮೊದಲು ಹೋಗಿ ನೋಡಿ ಬರೋಣ ಎಂದು ಇಬ್ಬರೂ ಒಂದು ರಾತ್ರಿ ಅಲ್ಲಿ ಉಳಿದರು. ಬೆಳಗ್ಗೆ ಮೊದಲ ಬಸ್ಸಿಗೆ ಅವನು ಅವಳನ್ನು ತೋಳಿನಲ್ಲಿ ಹೊತ್ತುಕೊಂಡೇ ವಾಪಸ್ ಬಂದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸ್ಟೇಷನ್ನಿನ ಮುಂದೆ ಮೊದಲ ದಿನ ಕೇಳಿದ್ದಕ್ಕಿಂತ ಕೆಟ್ಟ ಸದ್ದು. ಹಿತ್ತಿಲ ಹೊಸ್ತಿಲು ದಾಟಿ ಬಚ್ಚಲಿನಲ್ಲಿ ಕೂರಿಸಿದ ಮೇಲೆ ಉಸಿರು ಸಲೀಸಾಯಿತಂತೆ.

ಅವತ್ತು ಸಂಜೆ ಅವನು ನನ್ನನ್ನು ಹುಡುಕಿಕೊಂಡು ಬಂದ.

"ಭಾಯ್, ಸಾಮಾನು ಸಾಗಿಸಬೇಕು. ಮಾತಾಜಿಯನ್ನೂ ಕರೆದುಕೊಂಡು ಹೋಗ್ತೀನಿ."

"ಯಾವ ಮಾತಾಜಿ?"

"ನೀರು ಕಾಯಿಸುವ ಮಾತಾಜಿ."

ಅವನ ಬೆಟ್ಟದಲ್ಲಿ ದೇವರುಗಳು ಒಂದು ಕಡೆ ಕೂರುವುದಿಲ್ಲವಂತೆ. ಪಲ್ಲಕ್ಕಿ ಏರಿ ಊರಿಂದ ಊರಿಗೆ ನೆಂಟರ ಮನೆಗೆ ಹೋಗುತ್ತವೆ, ಕರೆದವರ ಮನೆಯಲ್ಲಿ ತಂಗುತ್ತವೆ, ಬರುವುದಿಲ್ಲ ಎಂದರೆ ಪಲ್ಲಕ್ಕಿ ಭಾರವಾಗಿ ಮೇಲೇಳುವುದೇ ಇಲ್ಲ. ಕಣ್ಣಿಗೆ ಕಾಣದವರನ್ನು ಜೊತೆಯಲ್ಲಿ ಕರೆದೊಯ್ಯುವುದು ಅವನಿಗೆ ನಾವು ಅತ್ತೆ ಮಾವನನ್ನು ಬಸ್ಸು ಹತ್ತಿಸಿದಷ್ಟು ಸಲೀಸು.

"ಅಯ್ಯೋ, ಅವ್ರು ದೇವ್ರಲ್ಲಪ್ಪ. ಮಾದಪ್ಪಣ್ಣನ ಅವ್ವ ಮಂಚಮ್ಮ. ಸತ್ತೋಗಿರೋರು."

"ಮರ್ಯಾದೆಯಿಂದ ಕರೆದರೆ ಯಾರಾದರೂ ಬರ್ತಾರೆ."

ಮಾರನೆಯ ದಿನ ಮಧ್ಯಾಹ್ನ ಸಾಮಾನು ಹೇರಿದೆವು. ಮಾದಪ್ಪಣ್ಣನೂ ನಾಗರತ್ನಕ್ಕನೂ ಹೊಲದಲ್ಲಿದ್ದರು. ನಾನು ಗಾಡಿ ತಿರುಗಿಸಿ ನೋಡುವಷ್ಟರಲ್ಲಿ ದಿಲೇರಾಮ್ ಮುಂಬಾಗಿಲಿನ ಮುಳ್ಳು ಕಿತ್ತು ಪಕ್ಕಕ್ಕೆ ಹಾಕಿ ಬಾಗಿಲು ತೆರೆದು ನಿಂತಿದ್ದ. ದೊಡ್ಡವರನ್ನು ಹಿತ್ತಿಲಿಂದ ಕರೆದೊಯ್ಯುವುದು ಅವಮಾನವಂತೆ. ಟೋಪಿ ತೆಗೆದು, ಹೊಸ್ತಿಲಿಗೆ ಹಣೆ ಮುಟ್ಟಿಸಿ, ತನ್ನ ಭಾಷೆಯಲ್ಲಿ ಏನೋ ಹೇಳಿದ. ಆಮೇಲೆ ಅವರ ಊರಿನ ಒಂದು ಹೊಸ ಶಾಲನ್ನು ತಂದು ನನ್ನ ಪಕ್ಕದ ಸೀಟಿಗೆ ಹಾಸಿದ. ಗಂಡ ಹೆಂಡತಿ ಹಿಂದೆ ಪೆಟ್ಟಿಗೆಗಳ ಮೇಲೆ ಕೂತರು.

ನಾನು ಸ್ಟೇರಿಂಗ್ ಹಿಡಿದಿದ್ದೆ. ಪಕ್ಕದ ಬಾಗಿಲು ಹಾಕಿಕೊಂಡಿತು. ಗಾಳಿ ಇರಲಿಲ್ಲ. ನನ್ನ ಗಾಡಿಯ ಆ ಬಾಗಿಲು ಎತ್ತಿ ಒದ್ದು ಹಾಕದೆ ಹಾಕಿಕೊಳ್ಳುವುದಿಲ್ಲ, ಹತ್ತು ವರ್ಷದಿಂದ.

ನಾನು ಮಾತು ನಿಲ್ಲಿಸದ ಮನುಷ್ಯ. ಅವತ್ತೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪಕ್ಕದಿಂದ ಏನು ಕೇಳಿಸುತ್ತದೋ ಎಂಬ ಭಯ. ಕೋಣದ ಕತೆ ಹೇಳಿದೆ, ಇಡ್ಲಿಯ ಕತೆ ಹೇಳಿದೆ. ಮಂಚಮ್ಮ ಬಾಯಿಗೆ ಹಾಕುತ್ತಿದ್ದ ಕಡ್ಡಿಪುಡಿಯ ಹೊಗೆಸೊಪ್ಪಿನ ಘಾಟು ಕ್ಯಾಬಿನ್ ತುಂಬಿಕೊಂಡಿತು. ಹಂಪ್ ಬಂದಾಗಲೆಲ್ಲ ಪಕ್ಕದಲ್ಲಿ ಯಾರೋ ಡ್ಯಾಶ್‌ಬೋರ್ಡನ್ನು ಒತ್ತಿ ಹಿಡಿದುಕೊಳ್ಳುವ ಸದ್ದು. ಸುತ್ತೂರು ದಾಟಿದ ಮೇಲೆ ಹೊರೆ ಹುಲ್ಲು ಹೊತ್ತ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. ಯಾರಾದರೂ ಬದುಕಿರುವವರು ಹತ್ತಲಿ ಎಂದು ತಟ್ಟನೆ ನಿಲ್ಲಿಸಿದೆ.

ಅವಳು ಕಿಟಕಿಯಲ್ಲಿ ಇಣುಕಿದಳು. "ಬ್ಯಾಡ ಬುಡಪ್ಪ, ವಯ್ಸಾದೋರು ಕಾಲ್ ಚಾಚ್ಕಂಡ್ ಕೂತವ್ರೆ. ಅವ್ರ್ನ ಯಾಕ್ ಏಳುಸ್ತೀಯೆ," ಎಂದು ಹೊರೆ ಸರಿಮಾಡಿಕೊಂಡು ನಡೆದುಬಿಟ್ಟಳು.

ನರಸೀಪುರದಲ್ಲಿ ಸಾಮಾನು ಇಳಿಸಿದ ಮೇಲೆ ಬಾಡಿಗೆಯನ್ನೂ ಕೇಳದೆ ಓಡಿ ಬಂದೆ. ವಾರ ಕಳೆದು ದಿಲೇರಾಮ್ ಫೋನ್ ಮಾಡಿದ. ಗಿರಣಿಯ ಮನೆಯಲ್ಲಿ ಇರುವುದು ಅಲ್ಯೂಮಿನಿಯಂ ಪಾತ್ರೆ, ಅದರಲ್ಲೇ ಬೆಳಗ್ಗೆ ನೀರು ಕಾದಿರುತ್ತದೆ, ಖಿಮೀ ಆರಾಮಾಗಿದ್ದಾಳೆ ಎಂದ.

ಮಾದಪ್ಪಣ್ಣ ಮುಳ್ಳು ಕಿತ್ತದ್ದನ್ನು ನೋಡಿ, ದನ ನುಗ್ಗಿರಬೇಕು ಎಂದುಕೊಂಡು ಬೇರೆ ಕೊಂಬೆ ಕಟ್ಟಿದ. ಮೂರು ತಿಂಗಳು ತುಂಬಿದ ಮೇಲೆ ಶಾಂತಿ ಇಟ್ಟುಕೊಂಡ. ಡಿಸೆಂಬರಿನ ಚಳಿ. ಶಾಮಿಯಾನ, ಕುರ್ಚಿ ತಂದವನು ನಾನೇ. ಮಂಚಮ್ಮನಿಗೆ ಇಷ್ಟವಾದ ಅವರೆಕಾಳು ಸಾರು, ಮುದ್ದೆ, ಒಡೆ, ಕಡ್ಡಿಪುಡಿ ಎಲ್ಲ ಎಲೆಯಲ್ಲಿ ಬಡಿಸಿ ಹಿತ್ತಿಲಿನಲ್ಲಿ ಎಡೆ ಇಟ್ಟರು. ಕಾಗೆ ಬರಬೇಕು, ಮುಟ್ಟಬೇಕು, ಆಮೇಲೆ ನೆಂಟರಿಗೆ ಊಟ.

ಕಾಗೆ ಬರಲಿಲ್ಲ. ತಾಂಡವಪುರದಲ್ಲಿ ಕಾಗೆಗೆ ಬರವೇ? ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಹೊತ್ತು ಏರಿತು, ಮುದ್ದೆ ಒಣಗಿತು, ಮಕ್ಕಳು ಹಸಿವಿಗೆ ಅತ್ತವು. ಮಾದಪ್ಪಣ್ಣ ಕೈಮುಗಿದು, "ಅವ್ವ, ಏನ್ ತೆಪ್ಪಾಗದೆ ಯೋಳವ್ವ" ಎಂದು ಗೋಳಾಡಿದ.

ಜೋಯಿಸರು ಮನೆಯೊಳಗೆಲ್ಲ ತಿರುಗಾಡಿ ಬಂದರು. "ನೀವು ಕರೆದವರು ಇಲ್ಲಿಲ್ಲ," ಎಂದರು. "ಎಲ್ಲಿದ್ದಾರೋ ಅಲ್ಲಿಗೇ ಹೋಗಿ ಎಡೆ ಇಟ್ಟು, ಮಗ ಮೂರು ಸಲ ಕರೆಯಬೇಕು. ಮೂರನೇ ಸಲಕ್ಕೆ ಬಂದೇ ಬರುತ್ತಾರೆ. ಕರೆತರದೆ ಈ ಮನೆ ತುಳಿದರೆ ನಿಮ್ಮಲ್ಲಿ ಒಬ್ಬರು ಹೋಗುತ್ತೀರಿ."

ಎಲ್ಲಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಹೇಳಿದೆ. ಮಾದಪ್ಪಣ್ಣ ಬಾಯಿಗೆ ಬಂದಂತೆ ನನ್ನನ್ನು ಬೈದ, ಆಮೇಲೆ, "ಬೆಳ್ಗಾನೇ ಗಾಡಿ ಈಚಿಗ್ ತಗಿ" ಎಂದ.

ಬೆಳಕು ಹರಿಯುವ ಹೊತ್ತಿಗೆ ನರಸೀಪುರ ಮುಟ್ಟಿದೆವು. ಹೊಳೆಯ ಕಡೆಯಿಂದ ಮಂಜು ಎದ್ದು ಗಿರಣಿಯ ಗೋಡೆ ಅರ್ಧ ಮುಚ್ಚಿಹೋಗಿತ್ತು. ಅಂಥ ಚಳಿ ನಮ್ಮ ಕಡೆ ಅಪರೂಪ. ಬಾಯಿ ಬಿಟ್ಟರೆ ಹೊಗೆ. ಮಾದಪ್ಪಣ್ಣ ಬೈಯುವಾಗಲೂ ಹೊಗೆ, ನಾಗರತ್ನಕ್ಕ ನಿಟ್ಟುಸಿರಿಟ್ಟರೂ ಹೊಗೆ. ದಿಲೇರಾಮ್ ಮೆಟ್ಟಿಲ ಮೇಲೆ ಕೂತಿದ್ದ, ಅವನ ಮೂಗಿನಿಂದಲೂ ಹೊಗೆ.

"ಬನ್ನಿ, ಬನ್ನಿ," ಎಂದು ಎದ್ದ. "ಖಿಮೀ! ಮನೆಯವರು ಬಂದಿದ್ದಾರೆ!"

ಖಿಮೀದೇವಿ ಹೊರಗೆ ಬಂದಳು. ಕೆನ್ನೆ ತುಂಬಿಕೊಂಡಿತ್ತು, ತಲೆಗೆ ಒದ್ದೆ ಟವೆಲ್ಲು ಸುತ್ತಿದ್ದಳು, ನಡಿಗೆಯಲ್ಲಿ ಹುರುಪು. ನಾಗರತ್ನಕ್ಕನನ್ನು ಕಂಡು ಬಾಯಿತುಂಬ ನಕ್ಕಳು. "ಬನ್ನಿ ಅಕ್ಕ, ಕೂತ್ಕೊಳ್ಳಿ, ಚಹಾ ಮಾಡ್ತೀನಿ," ಎಂದಳು. ಕನ್ನಡ ಕಲಿತುಬಿಟ್ಟಿದ್ದಳು.

ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಹೊಗೆ ಬರಲಿಲ್ಲ.

ಮಾತಾಡಬೇಕಾದಾಗ ಒಮ್ಮೆ ಎದೆಗೆ ಗಾಳಿ ತುಂಬಿಕೊಳ್ಳುತ್ತಿದ್ದಳು. ಮಾತು ಮುಗಿಯಿತೆಂದರೆ ಎದೆ ಅಲುಗುತ್ತಿರಲಿಲ್ಲ. ಮತ್ತೆ ಮಾತು ಬರುವವರೆಗೆ ಸುಮ್ಮನೆ, ಮುಚ್ಚಿಟ್ಟ ಪಾತ್ರೆಯ ಹಾಗೆ. ಚಹಾ ತಂದು ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ನಾಗರತ್ನಕ್ಕ ಅವಳ ಮಣಿಕಟ್ಟು ಹಿಡಿದು ಬೆಚ್ಚಿದಳು. ಬೆರಳು ಸುಡುವಷ್ಟು ಬಿಸಿಯಿತ್ತಂತೆ. ಆಮೇಲೆ, ಕೆನ್ನೆ ಸವರುವವಳಂತೆ ಕೈಯೆತ್ತಿ, ಬೆರಳುಗಳನ್ನು ಅವಳ ಮೂಗಿನ ಕೆಳಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

"ಇಲ್ಲ," ಎಂದಳು ನನ್ನ ಕಡೆ ತಿರುಗಿ. "ನಂಜೇಶ, ಈ ಯಮ್ಮುಂಗೆ ಉಸ್ರೇ ಇಲ್ಲ ಕಣೋ."

"ಗೊತ್ತು ಬೆಹನ್‌ಜೀ," ಎಂದ ದಿಲೇರಾಮ್.

ಖಿಮೀದೇವಿ ಇನ್ನಷ್ಟು ಚಹಾ ತರಲು ಒಳಗೆ ಹೋದಳು. ಅವನು ದನಿ ತಗ್ಗಿಸಿ ಹೇಳಿದ. ಒಂದು ಬೆಳಗ್ಗೆ ಡ್ಯೂಟಿ ಮುಗಿಸಿ ಬಂದಾಗ ಬಚ್ಚಲಿನಲ್ಲಿ ಅವಳ ಮೇಲೆ ಯಾರೋ ಚೊಂಬು ಚೊಂಬು ನೀರು ಹೊಯ್ಯುತ್ತಿದ್ದರು. ಅವಳು ನಗುತ್ತ ಎದ್ದು ಬಂದಳು. ಮಲಗಿದ ಮೇಲೆ, ಎಷ್ಟೋ ವರ್ಷದ ಅಭ್ಯಾಸ, ಅವನು ಅವಳ ಉಸಿರಿಗೆ ಕಿವಿಗೊಟ್ಟ. ಸದ್ದಿಲ್ಲ. ಎದೆಯ ಮೇಲೆ ಕಿವಿಯಿಟ್ಟ. ಅಲ್ಲೂ ಇಲ್ಲ. ಹೆದರಿ ಎಬ್ಬಿಸಿದ. ಅವಳು ಕಣ್ಣು ಬಿಟ್ಟು, ಏನು, ನಿದ್ದೆ ಬರಲಿಲ್ಲವಾ ಎಂದು ಕೇಳಿದಳು.

"ಆಮೇಲೆ ನನಗೆ ನಿದ್ದೆ ಬಂತು, ಭಾಯ್. ಮದುವೆ ಆದ ಮೇಲೆ ಅಷ್ಟು ಒಳ್ಳೇ ನಿದ್ದೆ ಬಂದಿರಲಿಲ್ಲ. ಅವಳು ಈಗ ಕಷ್ಟಪಡಲ್ಲ. ಅದಕ್ಕೇ ತಾನೇ ಬಂದದ್ದು?"

ಮಾದಪ್ಪಣ್ಣ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಅಂಗಳದಲ್ಲಿ ಎಲೆ ಹಾಸಿ, ಮುದ್ದೆ, ಸಾರು, ಒಡೆ ಬಡಿಸಿ, ಮಂಡಿಯೂರಿ ಕೂತ.

"ಅವ್ವಾ!"

ಬಚ್ಚಲಿನಲ್ಲಿ ಚೊಂಬು ಕೆಳಗೆ ಬಿತ್ತು. ಒಳಗಿಂದ ಬರುತ್ತಿದ್ದ ಖಿಮೀದೇವಿ ಬಾಗಿಲು ಹಿಡಿದು ಹಾಗೆಯೇ ಕೂತುಬಿಟ್ಟಳು.

"ಅವ್ವಾ, ಬಾರವ್ವ ಮನೀಗೆ!"

ಅವಳ ಕೆನ್ನೆಯ ಕೆಂಪು ನಮ್ಮ ಕಣ್ಣೆದುರೇ ಇಳಿಯಿತು. ತುಟಿ ನೇರಳೆಯಾಯಿತು. ನಾನು ಕೈ ಮುಟ್ಟಿದೆ. ಹೊಳೆಯ ಕಲ್ಲಿನಷ್ಟು ತಣ್ಣಗೆ. ಕಣ್ಣು ಮಾತ್ರ ಗಂಡನ ಮೇಲಿತ್ತು. ದಿಲೇರಾಮ್ ಬಂದು ಮಾದಪ್ಪಣ್ಣನ ಎರಡೂ ಮಂಡಿ ತಬ್ಬಿಕೊಂಡು ಟೋಪಿಯನ್ನು ಅವುಗಳ ಮುಂದಿಟ್ಟ. 

ಮಾದಪ್ಪಣ್ಣ ಮೂರನೆಯ ಸಲಕ್ಕೆ ಬಾಯಿ ತೆರೆದ. ನಾಗರತ್ನಕ್ಕ ಹಿಂದಿನಿಂದ ಬಂದು ತನ್ನ ಅಂಗೈಯಿಂದ ಅದನ್ನು ಮುಚ್ಚಿದಳು.

"ಸಾಕು, ಸುಮ್ನಿರಿ."

"ಬುಡೇ! ನಮ್ಮವ್ವ ಕಣೇ!" ಎಂದ ಅವನು ಅವಳ ಕೈ ಸರಿಸಿ.

"ನಿಮ್ಮವ್ವನೇ. ಅವ್ರು ಒಬ್ರುನ್ ಕರ್ಕಂಡಾಯ್ತು. ಕರ್ಕಂಡೋರ್ನ ಚೆನ್ನಾಗ್ ನೋಡ್ಕತಾವ್ರೆ. ಈಗ ಕಿತ್ಕಂಡ್ ಬಂದ್ರೆ ಇವ್ಳು ಇಲ್ಲೇ ಬಿದ್ದೋಯ್ತಳೆ. ಅವ್ರು ನಮ್ ಮನೀಗ್ ಬಂದು ಯಾರ್ ತಲೀಗ್ ಎಣ್ಣೆ ಒತ್ಬೇಕು? ನನ್ ತಲೀಗಾ?"

ಮಾದಪ್ಪಣ್ಣ ಹೆಂಡತಿಯ ಮುಖ ನೋಡಿದ. ಬಾಗಿಲಲ್ಲಿ ಕೂತವಳನ್ನು ನೋಡಿದ. ಕೊನೆಗೆ ದಿಲೇರಾಮನ ಟೋಪಿ ಎತ್ತಿ ಅವನ ತಲೆಗೆ ಇಟ್ಟ. ಕರೆಯಲಿಲ್ಲ. ಎಡೆಯನ್ನು ಅಲ್ಲೇ ಬಿಟ್ಟು ಎದ್ದ.

ನಾವು ನಾಲ್ಕು ಹೆಜ್ಜೆ ಹಿಂದೆ ಸರಿದದ್ದೇ ತಡ, ಗಿರಣಿಯ ಛಾವಣಿಯಿಂದ ಕಾಗೆಗಳು ಸುರಿದವು. ಮುದ್ದೆ, ಒಡೆ, ಒಂದು ಅಗುಳನ್ನೂ ಬಿಡದೆ ತಿಂದವು. ಬಚ್ಚಲಿನಲ್ಲಿ ನೀರು ಹೊಯ್ಯುವ ಸದ್ದು ಮತ್ತೆ ಶುರುವಾಯಿತು. ಖಿಮೀದೇವಿ ಸೆರಗು ಸರಿಮಾಡಿಕೊಂಡು ಎದ್ದಳು, ಮುಖಕ್ಕೆ ಬಣ್ಣ ತಿರುಗಿತು. ಚಹಾ ಆರಿಹೋಯಿತಲ್ಲ ಎಂದು ಪೇಚಾಡಿದಳು.

ಮಾದಪ್ಪಣ್ಣ ಅಳುತ್ತಿದ್ದ. "ಅವ್ವಂಗೆ ಕಡ್ಡಿಪುಡಿ ಇಲ್ದೆ ಇದ್ರೆ ತಲೆನೋವು ಬತ್ತದೆ," ಎಂದ ದಿಲೇರಾಮನಿಗೆ. "ವಾರುಕ್ಕೊಂದ್ ಪೊಟ್ಣ ತಂದ್ ಮಡುಗು."

"ಆಯ್ತು ಭಾಯ್."

"ಬೆಳ್ಗಾನೇ ಮಡುಗ್ಬೇಕು."

"ಆಯ್ತು."

ವಾಪಸ್ ಬರುವಾಗ ಮೂವರೂ ಮುಂದೆ ಒತ್ತಿಕೊಂಡು ಕೂತಿದ್ದೆವು. ನನ್ನಂಥವನಿಗೂ ಹೇಳಲು ಒಂದು ಕತೆ ಹೊಳೆಯಲಿಲ್ಲ. ಸುತ್ತೂರು ದಾಟಿತು. ನಾಗರತ್ನಕ್ಕ ಇದ್ದಕ್ಕಿದ್ದಂತೆ ಗಂಡನ ಪಕ್ಕೆಗೆ ತಿವಿದಳು.

"ಉಸ್ರಾಡ್ರೀ. ಯಾಕ್ ಇಡ್ಕಂಡಿದ್ದೀರಿ?"

ಅಳು ತಡೆದುಕೊಳ್ಳಲು ಬಿಗಿಹಿಡಿದಿದ್ದ ಉಸಿರನ್ನು ಅವನು ದೊಡ್ಡದಾಗಿ ಬಿಟ್ಟ. ಅವಳೂ ಬಿಟ್ಟಳು. ನಾನೂ. ಅಲ್ಲಿಂದ ತಾಂಡವಪುರದವರೆಗೆ ಮೂವರೂ ಒಬ್ಬರಿಗೊಬ್ಬರು ಕೇಳಿಸುವ ಹಾಗೆ ಜೋರಾಗಿ ಉಸಿರಾಡಿಕೊಂಡೇ ಬಂದೆವು. ಮುಂದಿನ ಗಾಜು ಮತ್ತೆ ಮತ್ತೆ ಮಸುಕಾಗುತ್ತಿತ್ತು. ನಾನು ತೋಳಿನಿಂದ ಒರೆಸಿ ಒರೆಸಿ ಗಾಡಿ ಓಡಿಸಿದೆ.